ಅವರ ಕಣ್ಣು ತೆರೆ ಎಂದು ಬೇಡಿಕೊಂಡಿದ್ದೆ

ನಮ್ಮ ಚರ್ಚಿನ ಸಭೆಯ ಹಿರಿಯರೊಬ್ಬರಿಗೆ ವಾರಕ್ಕೆ ಮೂರು ಸಂಜೆ ಸತ್ಯವೇದ, ಅಂದರೆ ಬೈಬಲ್, ಓದಿ ಹೇಳುತ್ತೇನೆ. ಶುರುವಾಗಿ ಎಂಟು ತಿಂಗಳಾಯಿತು. ಅವರ ಅಕ್ಷಿಪಟದ ನಡುಭಾಗ ಸವೆದುಹೋಗಿದೆ. ಬಾಗಿಲ ಚೌಕಟ್ಟು, ಕಿಟಕಿಯ ಬೆಳಕು, ಮೇಜಿನ ಅಂಚು ಕಾಣುತ್ತವೆ. ಯಾವುದನ್ನು ನೇರವಾಗಿ ನೋಡುತ್ತಾರೋ ಅದೇ ಅಳಿಸಿಹೋಗುತ್ತದೆ. ಹಾಗಾಗಿ ಅಕ್ಷರವೂ ಇಲ್ಲ, ಎದುರಿಗೆ ಕೂತವರ ಮುಖವೂ ಇಲ್ಲ.

ಮೂರು ವರ್ಷದ ಹಿಂದೆ ನಾನು ಪ್ರಸಂಗಕ್ಕೆ ನಿಂತಾಗ ಎದ್ದು ಹೊರಗೆ ಹೋದವರು ಇವರೇ.

ಅವತ್ತು ಪಾಸ್ಟರ್ ಇರಲಿಲ್ಲ, ಸಂದೇಶ ಕೊಡಲು ನನಗೆ ಹೇಳಿದ್ದರು. ವಾಕ್ಯ ತೆರೆದು ತಲೆಯೆತ್ತಿದೆ, ಇನ್ನೂ ಒಂದು ಮಾತೂ ಆಡಿರಲಿಲ್ಲ. ಮೊದಲ ಸಾಲಿನಿಂದ ಅವರು ಎದ್ದರು. ಸತ್ಯವೇದವನ್ನು ಕಂಕುಳಲ್ಲಿ ಇಟ್ಟುಕೊಂಡು ನಿಧಾನವಾಗಿ ನಡೆದುಹೋಗಿ, ಬಾಗಿಲನ್ನು ಮೆತ್ತಗೆ ಮುಚ್ಚಿಕೊಂಡರು. ದಡಾರನೆ ಬಡಿದಿದ್ದರೆ ಅಷ್ಟು ನೋಯುತ್ತಿರಲಿಲ್ಲವೇನೋ. ಮರುದಿನ ಫೋನಿನಲ್ಲಿ ಮಾತಾಡಿದೆವು. ಅವರು, ಅಪೊಸ್ತಲ ಪೌಲನು ತನ್ನ ಶಿಷ್ಯ ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯ ಎರಡನೇ ಅಧ್ಯಾಯ ಹಿಡಿದರು; ಹೆಂಗಸು ಉಪದೇಶ ಮಾಡಬಾರದು, ಮೌನವಾಗಿರಬೇಕು ಎನ್ನುವ ಮಾತು ಅಲ್ಲಿದೆ. ನಾನು ಅದೇ ಸತ್ಯವೇದದಲ್ಲಿ ಬರುವ ಹೆಂಗಸರನ್ನು, ಕೆಂಖ್ರೆ ಪಟ್ಟಣದ ಸಭೆಯ ಸೇವಕಿ ಫೊಯಿಬೆಯನ್ನು, ಅಪೊಲ್ಲೋಸನಂಥ ವಾಗ್ಮಿಗೆ ದೇವರ ಮಾರ್ಗವನ್ನು ತಿಳಿಸಿಕೊಟ್ಟ ಪ್ರಿಸ್ಕಿಲ್ಲಳನ್ನು ಮುಂದಿಟ್ಟೆ. ನಮ್ಮಿಬ್ಬರ ಕೈಯಲ್ಲೂ ದೇವರ ವಾಕ್ಯವೇ ಇತ್ತು, ಇಬ್ಬರೂ ಅದನ್ನು ಕಲ್ಲಿನ ಹಾಗೆ ಎಸೆದೆವು. ಅದುವರೆಗೆ ನನ್ನನ್ನು "ಮಗಳೇ" ಎನ್ನುತ್ತಿದ್ದವರು ಆ ಕರೆಯ ಕೊನೆಗೆ "ಆಗಲಿ, ಸಿಸ್ಟರ್" ಎಂದು ಫೋನ್ ಇಟ್ಟರು.

ಆಮೇಲೆ ನಾನು ಅವರಿಗಾಗಿ ಪ್ರಾರ್ಥಿಸುತ್ತಿದ್ದೆ. ಹಿಂಸಿಸುವವರಿಗೋಸ್ಕರ ದೇವರನ್ನು ಪ್ರಾರ್ಥಿಸಿರಿ ಎಂದು ಯೇಸು ಹೇಳಿದ್ದಾನಲ್ಲ, ಅದನ್ನು ಪಾಲಿಸುತ್ತಿದ್ದೇನೆ ಎಂಬ ನೆಮ್ಮದಿ ನನಗಿತ್ತು. ಪ್ರಾರ್ಥನೆ ಏನೆಂದರೆ, "ಕರ್ತನೇ, ಅವರ ಕಣ್ಣು ತೆರೆ." ಎರಡು ವರ್ಷ ಇದನ್ನೇ ಹೇಳಿದೆ. ಅವರಿಗೆ ದೃಷ್ಟಿ ಹೋಗುತ್ತಿದೆ, ಮನೆಗೆ ಬಂದು ವಾಕ್ಯ ಓದುವವರು ಯಾರಾದರೂ ಇದ್ದೀರಾ ಎಂದು ಪಾಸ್ಟರ್ ಸಭೆಯಲ್ಲಿ ಕೇಳಿದ ದಿನ ನನ್ನ ಎದೆ ಧಸಕ್ಕೆಂದಿತು. ನನ್ನ ಪ್ರಾರ್ಥನೆಗೂ ಅವರ ಕಾಯಿಲೆಗೂ ಸಂಬಂಧವಿಲ್ಲ, ಗೊತ್ತು. ಆದರೆ ಅಷ್ಟು ದಿನ ನಾನು ಬೇಡಿದ್ದು ಅವರ ಒಳಿತನ್ನಲ್ಲ, ಅವರು ಸೋಲುವುದನ್ನು ಎಂದು ಆ ಕ್ಷಣಕ್ಕೆ ತಿಳಿದುಹೋಯಿತು.

ನಾನು ಓದುತ್ತೇನೆ ಎಂದು ನನ್ನ ಕೈ ಎತ್ತಿಸಿದ್ದು ಪ್ರೀತಿಯಲ್ಲ. ಸತ್ಯವೇದದ ವಿಮೋಚನಕಾಂಡ 23ನೇ ಅಧ್ಯಾಯದ ಒಂದು ವಾಕ್ಯ. ನಿನ್ನನ್ನು ದ್ವೇಷಿಸುವವನ ಕತ್ತೆ ಹೊರೆಯ ಕೆಳಗೆ ಬಿದ್ದಿರುವುದನ್ನು ಕಂಡರೆ ಬಿಟ್ಟುಹೋಗಬೇಡ, ಅವನ ಜೊತೆ ಸೇರಿ ಬಿಡಿಸು ಎನ್ನುತ್ತದೆ ಅದು. ಧರ್ಮೋಪದೇಶಕಾಂಡ 22ರಲ್ಲಿ ಇದೇ ಮಾತು ಬರುವಾಗ ಕತ್ತೆ ಸಹೋದರನದು. ಇಲ್ಲಿ ಮಾತ್ರ ದ್ವೇಷಿಸುವವನದು. ಅವನನ್ನು ಮೊದಲು ಇಷ್ಟಪಡು ಎಂದಿಲ್ಲ. ಹಿಂದುಮುಂದಿನ ವಾಕ್ಯಗಳನ್ನು ನೋಡಿ: ಸುಳ್ಳುಸಾಕ್ಷಿ, ಗುಂಪಿನ ಜೊತೆ ಸೇರಿ ನ್ಯಾಯ ಕೆಡಿಸುವುದು, ಬಡವನ ವ್ಯಾಜ್ಯ, ಲಂಚ. ಎಲ್ಲ ನ್ಯಾಯಸ್ಥಾನದ ಮಾತು, ಅದರ ನಡುವೆ ಈ ಕತ್ತೆ. ನನಗನ್ನಿಸುವುದು, ಆ ವೈರಿ ವ್ಯಾಜ್ಯದಲ್ಲಿ ಎದುರಿಗೆ ನಿಂತವನೇ ಇರಬೇಕು. ವ್ಯಾಜ್ಯ ಬಿಟ್ಟುಕೊಡು ಎಂದೂ ಹೇಳಿಲ್ಲ. ನಾಳೆ ಇಬ್ಬರೂ ತಂತಮ್ಮ ವಾದ ಹಿಡಿದು ನಿಲ್ಲಬಹುದು. ಇವತ್ತು ಹೊರೆಯ ಒಂದು ಬದಿಗೆ ಅವನು, ಇನ್ನೊಂದು ಬದಿಗೆ ನೀನು. ಬಗ್ಗದೆ ಎತ್ತಲಾಗುವುದಿಲ್ಲ, ಬಗ್ಗಿದ ಮೇಲೆಯೇ ಹೊರೆ ಎಷ್ಟು ಭಾರ ಎಂಬುದೂ ಗೊತ್ತಾಗುವುದು.

ಮೊದಲ ಸಂಜೆ ನನ್ನ ದನಿ ಕೇಳಿ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬೇಡ ಎನ್ನುತ್ತಾರೆ ಅಂದುಕೊಂಡೆ. "ರೋಮಾಪುರದವರಿಗೆ, ಒಂದರಿಂದ," ಎಂದರು, ಪೌಲನ ಇನ್ನೊಂದು ಪತ್ರಿಕೆಯ ಮೊದಲ ಅಧ್ಯಾಯದಿಂದ. ಅಷ್ಟೇ. ಓದುತ್ತಾ ಓದುತ್ತಾ ಒಂದೊಂದು ತಿಳಿಯಿತು. ಅವರು ಯುವಕರಾಗಿದ್ದಾಗ ಅವರಿದ್ದ ಸಭೆ ಒಡೆದಿತ್ತು. ಚೆನ್ನಾಗಿ ಮಾತಾಡುವ ಒಬ್ಬಾತ ವಾಕ್ಯವನ್ನು ತನಗೆ ಬೇಕಾದ ಹಾಗೆ ತಿರುಗಿಸಿ ಅರ್ಧ ಜನರನ್ನು ಕರೆದುಕೊಂಡು ಹೋದನಂತೆ, ಅದರಲ್ಲಿ ಇವರ ಸ್ವಂತ ಅಣ್ಣನೂ ಹೋದರು. ಮತ್ತೆ ಇಬ್ಬರೂ ಒಂದು ಮೇಜಿಗೆ ಕೂರಲಿಲ್ಲ. ಬರೆದಿರುವುದರಿಂದ ಒಂದಕ್ಷರ ಅಲುಗಾಡಿದರೂ ಇವರ ಕಾಲ ಕೆಳಗಿನ ನೆಲವೇ ಅಲುಗಾಡುತ್ತದೆ ಎಂಬುದು ಆಗ ನನಗೆ ಅರ್ಥವಾಯಿತು. ಅರ್ಥವಾಯಿತು ಎಂದೆ, ಒಪ್ಪಿದೆ ಎಂದಲ್ಲ. ಅವರು ಎದ್ದುಹೋದದ್ದು ತಪ್ಪು ಎಂದು ಇವತ್ತಿಗೂ ಹೇಳುತ್ತೇನೆ. ಆ ಬಾಗಿಲು ಮುಚ್ಚಿದ್ದನ್ನು ನೋಡಿದ ನಮ್ಮ ಸಭೆಯ ಹೆಣ್ಣುಮಕ್ಕಳಲ್ಲಿ ಇಬ್ಬರು ಆಮೇಲೆ ಗಟ್ಟಿಯಾಗಿ ಪ್ರಾರ್ಥಿಸುವುದನ್ನೇ ಬಿಟ್ಟರು. ಪ್ರೀತಿಯ ಹೆಸರಿನಲ್ಲಿ ನಾನು ಅದನ್ನು ಮರೆತರೆ ಆ ಹೆಣ್ಣುಮಕ್ಕಳಿಗೆ ಅನ್ಯಾಯ ಮಾಡಿದಂತೆ.

ಕ್ರಮವಾಗಿ ಓದುತ್ತಿದ್ದೆವಾದ್ದರಿಂದ ಒಂದು ದಿನ ತಿಮೊಥೆಯನ ಪತ್ರಿಕೆ ಬರಲೇಬೇಕಿತ್ತು, ಬಂತು. ಎರಡನೇ ಅಧ್ಯಾಯ. ಏನು ಬರಲಿದೆ ಎಂದು ಇಬ್ಬರಿಗೂ ಗೊತ್ತು. ಹನ್ನೆರಡನೇ ವಾಕ್ಯವನ್ನು ಉಳಿದವುಗಳ ಹಾಗೆಯೇ ಓದಿದೆ, ಒತ್ತಿ ಹೇಳಲಿಲ್ಲ, ನುಂಗಲೂ ಇಲ್ಲ. ಕೈ ಮಾತ್ರ ಬೆವೆತಿತ್ತು. ಅವರು ಕುರ್ಚಿಯ ತೋಳನ್ನು ಸವರುತ್ತಾ ಕೂತಿದ್ದರು. ಸ್ವಲ್ಪ ಹೊತ್ತಾದ ಮೇಲೆ, "ಮುಂದೆ ಓದಿ, ಸಿಸ್ಟರ್," ಎಂದರು.

ಎರಡನೆಯ ಪತ್ರಿಕೆಗೆ ಬಂದದ್ದು ಮುಂದಿನ ವಾರ. ಮೊದಲ ಅಧ್ಯಾಯದ ಐದನೇ ವಾಕ್ಯದಲ್ಲಿ ಪೌಲನು ತಿಮೊಥೆಯನ ಅಜ್ಜಿ ಲೋವಿ, ತಾಯಿ ಯೂನಿಕೆ ಇವರ ನಂಬಿಕೆಯನ್ನು ನೆನೆಯುತ್ತಾನೆ. ಅಲ್ಲಿ ಅವರು ಕೈಯೆತ್ತಿ ನಿಲ್ಲಿಸಿದರು.

"ನಮ್ಮಮ್ಮನಿಗೆ ಓದು ಬರ್ತಿರಲಿಲ್ಲ. ಕೇಳಿ ಕೇಳಿ ಕೀರ್ತನೆಗಳನ್ನ ಬಾಯಿಪಾಠ ಮಾಡ್ಕೊಂಡಿದ್ರು. ನಾನು ಕಲಿತದ್ದೆಲ್ಲ ಅವರ ಬಾಯಿಂದಲೇ."

ಮೂರು ವರ್ಷದಿಂದ ನಾನು ಹುಡುಕುತ್ತಿದ್ದ ಮಾತು ತಾನಾಗಿ ಕೈಗೆ ಬಂದಿತ್ತು. ಹಾಗಾದರೆ ನಿಮಗೆ ವಾಕ್ಯ ಕಲಿಸಿದ್ದು ಒಬ್ಬ ಹೆಣ್ಣಲ್ಲವೇ, ಅಂಕಲ್? ನಾಲಿಗೆಯ ತುದಿಯವರೆಗೂ ಬಂತು. ಅವರನ್ನು ನೋಡಿದೆ. ಕಿಟಕಿಯ ಕಡೆಗೆ ಮುಖ ಮಾಡಿದ್ದರು, ತುಟಿ ಸಣ್ಣಗೆ ಅಲುಗುತ್ತಿತ್ತು. ಆ ಕೋಣೆಯಲ್ಲಿ ಆಗ ಅವರು ನನ್ನ ಎದುರಾಳಿಯಾಗಿರಲಿಲ್ಲ, ಅಮ್ಮನನ್ನು ನೆನೆಯುತ್ತಿದ್ದ ಮಗನಾಗಿದ್ದರು. ಆ ಮಾತನ್ನು ಇನ್ನೊಂದು ದಿನ ಆಡುತ್ತೇನೆ, ಆಡಲೇಬೇಕು. ಅವತ್ತು ಆಡಲಿಲ್ಲ.

"ಮೊದಲು ಕಲಿಸಿದ್ದು ಯಾವುದು, ಅಂಕಲ್?" ಎಂದು ಕೇಳಿದೆ.

"ನೂರ ಇಪ್ಪತ್ತೊಂದು," ಎಂದರು. ಕಣ್ಣೆತ್ತಿ ಪರ್ವತಗಳ ಕಡೆಗೆ ನೋಡುವ ಕೀರ್ತನೆ. ಒಟ್ಟು ಎಂಟು ವಾಕ್ಯ. ನಾನು ಪುಸ್ತಕ ಮುಚ್ಚಿ ತೊಡೆಯ ಮೇಲಿಟ್ಟುಕೊಂಡೆ. ಅವರು ಹೇಳಿದರು, ನಾನು ಕೇಳಿದೆ.