ತಿರುಗಿಸುವ ವೇಗಕ್ಕಿಂತ ಸುರಿಯುವ ವೇಗ ಮುಖ್ಯ

ಸಸ್ಯತ್ಯಾಜ್ಯದಿಂದ ಎಥನಾಲ್ ತಯಾರಿಸುವ ಘಟಕದಲ್ಲಿ ಕಲಕುವ ಟ್ಯಾಂಕ್‌ಗಳ ಉಸ್ತುವಾರಿ ನನ್ನದು. ನೀರಿಗೆ ಹಾಕಿದ ಪುಡಿಯ ಕಣಗಳು ತಳ ಬಿಟ್ಟೇಳಲು ಬೇಕಾದ ಕಲಕುವಿಕೆಯ ಕನಿಷ್ಠ ವೇಗವನ್ನು ಲೆಕ್ಕ ಹಾಕಲು 1958ರಲ್ಲಿ ಜ್ವೀಟರಿಂಗ್ ಕೊಟ್ಟ ಸೂತ್ರವನ್ನೇ ಎಂಜಿನಿಯರುಗಳು ಸಾಮಾನ್ಯವಾಗಿ ಮೊದಲು ಕೈಗೆತ್ತಿಕೊಳ್ಳುತ್ತಾರೆ. ಆದರೆ ಅದು ಮರಳಿನಂಥ, ನೀರು ಹೀರದ ಕಣಗಳ ಮೇಲೆ ನಿಂತ ಸೂತ್ರ. ಹುಲ್ಲಿನ ಅಥವಾ ಮರದ ಪುಡಿಯ ಕಣಗಳು ನಾರಿನಂತೆ ಉದ್ದವಾಗಿದ್ದು ಒಂದಕ್ಕೊಂದು ತೊಡರಿಕೊಳ್ಳುತ್ತವೆ. ಒಳಗಿನ ರಂಧ್ರಗಳಲ್ಲಿ ಗಾಳಿಯಿರುವ ತನಕ ತೇಲಿ, ನೀರು ಕುಡಿದ ಮೇಲೆ ಮುಳುಗುತ್ತವೆ. ಮೊದಲು ಮೇಲಿನ ಪದರವನ್ನು ಕೆಳಗೆಳೆಯುವ ಇಂಪೆಲ್ಲರೇ (ಕಲಕುವ ರೆಕ್ಕೆಯೇ) ಆಮೇಲೆ ತಳದಲ್ಲಿ ಕೂತದ್ದನ್ನು ಮೇಲೆತ್ತಬೇಕಾಗುತ್ತದೆ.

ನಿಜವಾದ ತೊಡಕು ಘನಾಂಶ ಶೇಕಡಾ 15ರ ಆಸುಪಾಸು ದಾಟಿದಾಗ ಎದುರಾಗುತ್ತದೆ. ಬಿಡಿ ನೀರೆಲ್ಲ ಕಣಗಳೊಳಗೆ ಸೇರಿ, ಸ್ಲರಿಯು (ನೀರು ಮತ್ತು ಪುಡಿಯ ಮಿಶ್ರಣ) ಒಂದು ಮಟ್ಟದ ಒತ್ತಡ ಬೀಳುವವರೆಗೆ ಅಲುಗಾಡದ ಮುದ್ದೆಯಾಗುತ್ತದೆ. ಆಗ ಇಂಪೆಲ್ಲರಿನ ಸುತ್ತ ಒಂದು ಗುಹೆಯಷ್ಟು ಭಾಗ ಮಾತ್ರ ಸುತ್ತುತ್ತದೆ, ಗೋಡೆಯ ಪಕ್ಕದ್ದು ನಿಂತಲ್ಲೇ ನಿಂತಿರುತ್ತದೆ. ವೇಗ ಹೆಚ್ಚಿಸಿದರೆ ಆ ಗುಹೆ ಸ್ವಲ್ಪ ಹಿಗ್ಗುತ್ತದೆ, ವಿದ್ಯುತ್ ಖರ್ಚು ಮಾತ್ರ ಅದಕ್ಕಿಂತ ಬಹಳ ಬೇಗ ಏರುತ್ತದೆ. ಹರಿವು ಪ್ರಕ್ಷುಬ್ಧವಾಗಿದ್ದರೆ ವೇಗ ಇಮ್ಮಡಿಯಾದಾಗ ಶಕ್ತಿ ಎಂಟು ಪಟ್ಟು ಬೇಕು.

ಆದ್ದರಿಂದ ನಾನು ಪುಡಿಯೆಲ್ಲವನ್ನೂ ಒಮ್ಮೆಲೇ ಸುರಿಯಲು ಬಿಡುವುದಿಲ್ಲ. ಸುಮಾರು 50 ಡಿಗ್ರಿ ಸೆಲ್ಸಿಯಸ್, ಪಿಎಚ್ 5ರ ಹತ್ತಿರ ಸೆಲ್ಯುಲೇಸ್ ಕಿಣ್ವವು ನಾರನ್ನು ಕತ್ತರಿಸುತ್ತಾ ಹೋದಂತೆ ಮುದ್ದೆ ತಾನಾಗಿಯೇ ತೆಳುವಾಗುತ್ತದೆ, ಮತ್ತು ಅದರ ಸುಳಿವು ಮೋಟಾರಿನ ತಿರುಗಿಸುವ ಬಲದಲ್ಲಿ, ಅಂದರೆ ಟಾರ್ಕ್‌ನಲ್ಲಿ ಸಿಗುತ್ತದೆ. ಟಾರ್ಕ್ ಇಳಿದು ನೆಲೆಗೊಂಡ ಮೇಲೆಯೇ ಮುಂದಿನ ಕಂತು. ಗಡಿಯಾರ ನೋಡಿ ಕಂತು ಹಾಕುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಕಚ್ಚಾವಸ್ತುವಿನ ತೇವ ಮತ್ತು ಕಣದ ಗಾತ್ರ ಪ್ರತಿ ಲೋಡಿನಲ್ಲೂ ಬದಲಾಗುತ್ತವೆ. (ನಾರು ಒಡೆದು ಹುಟ್ಟುವ ಸಕ್ಕರೆ, ಅಂದರೆ ಗ್ಲೂಕೋಸ್, ಹೆಚ್ಚಾದಂತೆ ಕಿಣ್ವದ ಕೆಲಸ ಕುಂಠಿತವಾಗುವ ಸಮಸ್ಯೆ ಬೇರೆಯೇ, ಅದನ್ನು ಯಾವ ಕಲಕುವಿಕೆಯೂ ಬಗೆಹರಿಸದು.) ಆರಂಭದ ದಪ್ಪ ಹಂತಕ್ಕೆ ಗೋಡೆಯ ಸಮೀಪದವರೆಗೂ ಚಾಚುವ ಸುರುಳಿಪಟ್ಟಿಯ ಇಂಪೆಲ್ಲರ್ ನಿಧಾನವಾಗಿ ತಿರುಗಿದರೂ ಸಾಕಾಗುತ್ತದೆ, ಚಿಕ್ಕ ಟರ್ಬೈನ್ ಎಷ್ಟೇ ಜೋರಾಗಿ ತಿರುಗಿದರೂ ಅಷ್ಟು ದೂರ ಮುಟ್ಟುವುದಿಲ್ಲ.

ಮಾದರಿಯನ್ನು ಇಂಪೆಲ್ಲರನ್ನು ತಿರುಗಿಸುವ ಶಾಫ್ಟ್ ಬಳಿಯಿಂದಷ್ಟೇ ತೆಗೆದರೆ ಸಕ್ಕರೆಯ ಅಂಕಿ ಇಡೀ ಟ್ಯಾಂಕಿನದಾಗಿರುವುದಿಲ್ಲ. ಗೋಡೆಯ ಪಕ್ಕದಿಂದಲೂ ತಳದಿಂದಲೂ ತೆಗೆದ ಮಾದರಿಗಳು ಹೊಂದಿಕೆಯಾಗುವ ತನಕ ನಾನು ಆ ಬ್ಯಾಚನ್ನು ಹುದುಗುವಿಕೆಗೆ ಕಳುಹಿಸುವುದಿಲ್ಲ.