ಆರ್ಡರ್ ಕಡಿಮೆಯಾದಾಗ ಲೈನ್‌ನಲ್ಲಿ ಏನು ಹೇಳಬೇಕು

ಗಾರ್ಮೆಂಟ್ಸ್‌ನಲ್ಲಿ ಆರ್ಡರ್ ಇಳಿದಿದೆ ಅನ್ನೋದು ಆಫೀಸಿನವರು ಬಾಯಿಬಿಡುವ ಮೊದಲೇ ಟೈಲರ್‌ಗಳಿಗೆ ಗೊತ್ತಾಗಿರುತ್ತದೆ. ಕಟಿಂಗ್ ಟೇಬಲ್ ಖಾಲಿ ಇದೆ, ಬಟ್ಟೆ ಲಾರಿ ಬಂದು ವಾರವಾಯಿತು, ಓಟಿ (ಹೆಚ್ಚುವರಿ ಗಂಟೆಯ ಕೆಲಸ) ನಿಂತಿದೆ, ಬಿಟ್ಟುಹೋದ ಹೆಲ್ಪರ್ ಜಾಗಕ್ಕೆ ಯಾರೂ ಬಂದಿಲ್ಲ. ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ‘ಮುಂದಿನ ತಿಂಗಳು ಮುಚ್ತಾರಂತೆ’ ಅನ್ನೋ ಮಾತು ಎಲ್ಲ ಲೈನ್‌ಗೂ, ಅಂದರೆ ಹೊಲಿಗೆ ಮಷಿನ್‌ಗಳ ಪ್ರತಿ ಸಾಲಿಗೂ, ಮುಟ್ಟಿರುತ್ತದೆ. 2025ರ ಆಗಸ್ಟ್ 27ರಿಂದ ಅಮೆರಿಕ ಭಾರತದ ಸರಕಿನ ಮೇಲೆ ಶೇ. 50ರಷ್ಟು ಸುಂಕ ಹಾಕಿದಾಗ, ಅಲ್ಲಿನ ಆರ್ಡರನ್ನೇ ನಂಬಿದ್ದ ಯೂನಿಟ್‌ಗಳಿಗೆ ಎದುರಾದದ್ದು ಇಂಥದ್ದೇ ಪರಿಸ್ಥಿತಿ.

ಈ ಹೊತ್ತಿನಲ್ಲಿ ಹುರುಪು ತುಂಬಲು ಭಾಷಣಕಾರರನ್ನು ಕರೆಸಬೇಡಿ, ಸ್ವೀಟ್ ಬಾಕ್ಸನ್ನೂ ಹಂಚಬೇಡಿ. ಗೊತ್ತಿರುವುದನ್ನು ತಾರೀಖು ಹಾಕಿ ಹೇಳಿ.

ಮೊದಲು ಲೆಕ್ಕ ಮಾಡಿಕೊಳ್ಳಿ. ಕೈಯಲ್ಲಿ 48,000 ಪೀಸ್ ಇದೆ ಅಂದುಕೊಳ್ಳಿ. ನಾಲ್ಕು ಲೈನ್, ಒಂದೊಂದು ದಿನಕ್ಕೆ 600 ತೆಗೆಯುತ್ತದೆ. ದಿನಕ್ಕೆ 2,400, ಅಂದರೆ 20 ಕೆಲಸದ ದಿನ. ಈ 20 ದಿನ ಯಾವ ತಾರೀಖಿಗೆ ಮುಗಿಯುತ್ತದೆ ಅನ್ನೋದನ್ನೇ ಹೇಳಬೇಕು. ಬಯರ್ ಜೊತೆ ಮಾತು ನಡೆದಿರುವ ಆರ್ಡರನ್ನು ಇದರಲ್ಲಿ ಸೇರಿಸಬೇಡಿ. ಅದು ಕೈತಪ್ಪಿದರೆ ಮುಂದಿನ ಸಲ ನೀವು ಹೇಳುವ ತಾರೀಖನ್ನು ಯಾರೂ ನಂಬುವುದಿಲ್ಲ.

ಹಿಂದಿನ ದಿನ ಸಂಜೆಯೇ ಸೂಪರ್‌ವೈಸರ್‌ಗಳನ್ನು ಕೂರಿಸಿಕೊಂಡು ಎಲ್ಲ ಹೇಳಿ. ಹೆಚ್ಚು ಕಡೆ ಎಡವುವುದು ಇಲ್ಲೇ. ‘ಮೇಡಂ, ಮುಂದಿನ ವಾರ ಕೆಲಸ ಇದ್ಯಾ?’ ಅಂತ ಟೈಲರ್ ಕೇಳುವುದು ಎಚ್.ಆರ್. ಅವರನ್ನಲ್ಲ, ತನ್ನ ಸೂಪರ್‌ವೈಸರನ್ನು. ಆಕೆ ‘ನಂಗೂ ಗೊತ್ತಿಲ್ಲಮ್ಮ, ಆಫೀಸಲ್ಲೇ ಕೇಳು’ ಅಂದರೆ, ಆಮೇಲೆ ಮ್ಯಾನೇಜರ್ ಎಷ್ಟು ಚೆನ್ನಾಗಿ ಮಾತಾಡಿದರೂ ಪ್ರಯೋಜನವಿಲ್ಲ.

ಮಾರನೇ ದಿನ ಒಂದೊಂದೇ ಲೈನ್‌ನವರನ್ನು ಸೇರಿಸಿ, ಮಷಿನ್ ಆಫ್ ಮಾಡಿಸಿ, ಹತ್ತು ನಿಮಿಷ ಮಾತಾಡಿ. ಇಡೀ ಫ್ಯಾಕ್ಟರಿಯನ್ನು ಒಟ್ಟಿಗೆ ನಿಲ್ಲಿಸಿದರೆ ಯಾರೂ ಪ್ರಶ್ನೆ ಕೇಳುವುದಿಲ್ಲ. ಸಂಜೆ ಬಿಡುವ ಹೊತ್ತಂತೂ ಬೇಡ, ಎಲ್ಲರ ಕಣ್ಣೂ ಬಸ್ಸಿನ ಮೇಲಿರುತ್ತದೆ. ಹಾಸ್ಟೆಲ್‌ನಲ್ಲಿರುವ ಒಡಿಶಾ, ಜಾರ್ಖಂಡ್ ಹುಡುಗಿಯರಿದ್ದರೆ ಅದನ್ನೇ ಹಿಂದಿಯಲ್ಲೂ ಹೇಳಿಸಿ. ಹೇಳಬೇಕಾದದ್ದು ಮೂರೇ: ಏನು ಗೊತ್ತಿದೆ, ಏನು ಇನ್ನೂ ಗೊತ್ತಿಲ್ಲ, ಮುಂದಿನ ಮಾತು ಯಾವತ್ತು. ಅದನ್ನೇ ಕುಡಿಯುವ ನೀರಿನ ನಲ್ಲಿ ಹತ್ತಿರದ ಬೋರ್ಡ್ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿ. ಸೋಮವಾರ ಹೇಳುತ್ತೇವೆ ಅಂದಿದ್ದರೆ, ಹೊಸದೇನೂ ಇಲ್ಲದಿದ್ದರೂ ಸೋಮವಾರ ಹೋಗಿ ‘ಹೊಸದೇನೂ ಇಲ್ಲ’ ಅಂತಲಾದರೂ ಹೇಳಲೇಬೇಕು. ‘ಯಾರ ಕೆಲಸಕ್ಕೂ ತೊಂದರೆ ಇಲ್ಲ’ ಅನ್ನೋ ಮಾತು ನಿಮ್ಮ ಕೈಯಲ್ಲಿಲ್ಲದಿದ್ದರೆ ಆಡಬೇಡಿ.

ದುಡ್ಡಿನ ವಿಷಯ ಬೇರೆಯದೇ ತೂಕದ್ದು. 2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ರಸ್ತೆಗಳಲ್ಲಿ ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಕೂತದ್ದು ಪಿ.ಎಫ್. ನಿಯಮ ಬದಲಾಗಿದ್ದಕ್ಕೆ: ಮಾಲೀಕರ ಪಾಲಿನ ಹಣವನ್ನು 58 ವರ್ಷ ಆಗುವವರೆಗೆ ತೆಗೆಯುವಂತಿಲ್ಲ ಅಂತ ಬಂದಿತ್ತು. ಕೇಂದ್ರ ಸರ್ಕಾರ 19ರಂದೇ ಅದನ್ನು ವಾಪಸ್ ಪಡೆಯಿತು. ಕಷ್ಟಕ್ಕಾಗುವ ಹಣದ ಮೇಲೆ ಅನುಮಾನ ಬಂದರೆ ಯಾವ ಮಷಿನ್ ಮುಂದೆಯೂ ಜನ ಕೂರುವುದಿಲ್ಲ. ಹಾಗಾಗಿ 7ನೇ ತಾರೀಖಿನ ಸಂಬಳ 7ಕ್ಕೇ ಆಗಬೇಕು. ಪಿ.ಎಫ್. ಕಟ್ಟಿದ ಮೇಲೆ ಮೊಬೈಲಲ್ಲಿ ಪಾಸ್‌ಬುಕ್ ನೋಡುವುದು ಹೇಗೆ ಅಂತ ಲೈನ್‌ಗೆ ಇಬ್ಬರಿಗೆ ಕಲಿಸಿ, ಉಳಿದವರಿಗೆ ಅವರೇ ತೋರಿಸುತ್ತಾರೆ.

ಓಟಿ ನಿಂತರೆ ಕೈಗೆ ಎಷ್ಟು ಕಮ್ಮಿ ಬರುತ್ತದೆ ಅನ್ನೋದನ್ನೂ ಮುಂಚೆಯೇ ಲೆಕ್ಕ ಹಾಕಿಕೊಡಿ. ತಿಂಗಳಿಗೆ 14,000 ಸಂಬಳ ಅಂದುಕೊಂಡರೆ, 26 ದಿನಕ್ಕೆ ಭಾಗಿಸಿ ದಿನಕ್ಕೆ 538, ಗಂಟೆಗೆ ಸುಮಾರು 67. ಓಟಿಗೆ ಅದರ ಎರಡರಷ್ಟು. ತಿಂಗಳಿಗೆ 24 ಗಂಟೆ ಓಟಿ ಮಾಡುತ್ತಿದ್ದವರಿಗೆ ಸುಮಾರು 3,230 ರೂಪಾಯಿ ಖೋತಾ. ಸಂಘದ ಕಂತು, ಚೀಟಿ, ಮಕ್ಕಳ ಫೀಸು ನಿಂತಿರುವುದು ಆ ದುಡ್ಡಿನ ಮೇಲೆಯೇ. 20 ದಿನ ಮುಂಚೆ ಗೊತ್ತಾದರೆ ಟೈಲರ್ ಏನಾದರೂ ದಾರಿ ಮಾಡಿಕೊಳ್ಳುತ್ತಾಳೆ. ಸಂಬಳದ ದಿನ ಗೊತ್ತಾದರೆ ಮಾರನೇ ದಿನದಿಂದಲೇ ಬೇರೆ ಗೇಟ್ ನೋಡುತ್ತಾಳೆ.

ಕೆಲಸ ಇಲ್ಲದ ದಿನಗಳನ್ನು ಎಲ್ಲ ಲೈನ್‌ಗೂ ಸರದಿಯಂತೆ ಹಂಚಿ, ಆ ಪಟ್ಟಿಯನ್ನೂ ಬೋರ್ಡಿಗೆ ಹಾಕಿ. ಲೇ-ಆಫ್ (ಕೆಲಸವಿಲ್ಲದೆ ತಾತ್ಕಾಲಿಕವಾಗಿ ಮನೆಗೆ ಕಳಿಸುವುದು) ಕೊಡುವುದೇ ಆದರೆ, ಅರ್ಹರಾದವರಿಗೆ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಅರ್ಧದಷ್ಟು ಪರಿಹಾರ ಕೊಡಬೇಕೆಂದು ಕಾನೂನೇ ಹೇಳುತ್ತದೆ. ಅದನ್ನು ತಪ್ಪಿಸಲು ‘ಮನೆ ಕೆಲಸದ ನಿಮಿತ್ತ ರಜೆ’ ಅಂತ ಬರೆಸಿಕೊಂಡು ಸಹಿ ಹಾಕಿಸುವ ಅಭ್ಯಾಸ ಕೆಲವು ಕಡೆ ಇದೆ. ಇದು ಅನ್ಯಾಯ. ಹಾಗೆ ಸಹಿ ಹಾಕಿದವರು ಅದನ್ನು ಮರೆಯುವುದೂ ಇಲ್ಲ.

ಖಾಲಿ ಗಂಟೆಗಳಲ್ಲಿ ಮಾಡಬಹುದಾದ ಒಳ್ಳೆಯ ಕೆಲಸ ಅಂದರೆ ಇನ್ನೊಂದು ಆಪರೇಷನ್, ಅಂದರೆ ಹೊಲಿಗೆಯ ಇನ್ನೊಂದು ಹಂತ, ಕಲಿಸುವುದು. ಒಂದು ಶೀಟ್‌ನಲ್ಲಿ ಎಡಕ್ಕೆ ಹೆಸರು, ಮೇಲೆ ಆಪರೇಷನ್ ಬರೆಯಿರಿ: ಕಾಲರ್ ಅಟ್ಯಾಚ್, ಸ್ಲೀವ್ ಅಟ್ಯಾಚ್, ಕಫ್, ಪಾಕೆಟ್, ಕಾಜಾ, ಬಾಟಮ್ ಹೆಮ್. ಒಬ್ಬರಿಗೇ ಬರುವ ಆಪರೇಷನ್ ಯಾವುದು ಅಂತ ಹುಡುಕಿ, ಅಲ್ಲಿಂದ ಶುರು ಮಾಡಿ. ಒಬ್ಬ ಹಳೇ ಟೈಲರ್ ಹತ್ತಿರ ಒಮ್ಮೆಗೆ ಇಬ್ಬರು, ದಿನಕ್ಕೆ ಎರಡು ಗಂಟೆ, ಹತ್ತು ದಿನ. ಮೊದಲ ಮೂರು ದಿನ ರಿಜೆಕ್ಟ್ ಆದ ಪ್ಯಾನಲ್ ಮೇಲೆ ಮಾತ್ರ. ಶಿಪ್‌ಮೆಂಟ್ ಪೀಸ್ ಕೊಟ್ಟರೆ ಆಲ್ಟರೇಶನ್ ಬರುತ್ತದೆ, ಬೈಗುಳ ಬೀಳುತ್ತದೆ, ಕಲಿಯುವ ಆಸೆ ಅಲ್ಲಿಗೇ ಮುಗಿಯುತ್ತದೆ. ಮೂರು ಆಪರೇಷನ್ ಬಂದವರಿಗೆ ಗ್ರೇಡ್ ಏರಿಸಿ, ಇಲ್ಲವೇ ತಿಂಗಳಿಗೆ 300 ರೂಪಾಯಿಯಾದರೂ ಜಾಸ್ತಿ ಕೊಡಿ. ಕೊಡಲು ಆಗದಿದ್ದರೆ ಮೊದಲೇ ಹೇಳಿಬಿಡಿ. ಹೇಳದೆ ಕಲಿಸಿದರೆ ‘ಕೆಲಸ ಜಾಸ್ತಿ, ಸಂಬಳ ಅಷ್ಟೇ’ ಅನ್ನುತ್ತಾರೆ, ಅದರಲ್ಲಿ ತಪ್ಪೇನೂ ಇಲ್ಲ.

ಕೆಟ್ಟ ಫ್ಯಾನ್, ಮುರಿದ ಸ್ಟೂಲು, ಚಿಲಕವಿಲ್ಲದ ಟಾಯ್ಲೆಟ್ ಬಾಗಿಲು ಇವಕ್ಕೂ ಇದೇ ಸಮಯ.

ಸೂಪರ್‌ವೈಸರ್ ದಿನಕ್ಕೆ ಮೂವರ ಹತ್ತಿರ ಐದೈದು ನಿಮಿಷ ಕೂತರೆ, 45 ಜನರ ಲೈನ್ 15 ದಿನದಲ್ಲಿ ಮುಗಿಯುತ್ತದೆ. ‘ಈ ತಿಂಗಳು ಏನು ಕಷ್ಟವಾಗುತ್ತಿದೆ?’ ಅಂತ ಕೇಳಿ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಲಿ. ‘ಬಿಟ್ಟುಹೋಗುವ ಯೋಚನೆ ಇದೆಯಾ?’ ಅಂತ ಮಾತ್ರ ಕೇಳಬಾರದು. ಕೇಳಿದರೆ ಪಟ್ಟಿ ತಯಾರಾಗುತ್ತಿದೆ ಅಂತಲೇ ಅರ್ಥವಾಗುತ್ತದೆ.

ಇಷ್ಟಾದರೂ ಕೆಲವರು ಹೋಗುತ್ತಾರೆ, ಅದರಲ್ಲೂ ಕೈ ಚೆನ್ನಾಗಿರುವವರೇ ಮೊದಲು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ, ರಾಜೀನಾಮೆ ಕೊಟ್ಟವರ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಪಿ.ಎಫ್. ಪೋರ್ಟಲ್‌ನಲ್ಲಿ ಕೆಲಸ ಬಿಟ್ಟ ದಿನಾಂಕವನ್ನೂ ತಡಮಾಡದೆ ಹಾಕಿಕೊಡಿ. ಬಿಟ್ಟುಹೋದ ಟೈಲರ್ ಬಾಕಿಗಾಗಿ ಗೇಟಿನ ಹತ್ತಿರ ನಾಲ್ಕು ಸಲ ಬಂದು ನಿಂತರೆ, ಒಳಗೆ ಮಷಿನ್ ಮುಂದಿರುವ ಅಷ್ಟೂ ಜನ ಅದನ್ನು ಎಣಿಸುತ್ತಿರುತ್ತಾರೆ.