ಚನ್ನಪಟ್ಟಣದ ಬೊಂಬೆ ಯಾರದ್ದು?

ಜಾಗತೀಕರಣದಿಂದ ನಮ್ಮ ಸಂಸ್ಕೃತಿ ಹಾಳಾಯ್ತು ಅಂತ ಫ್ಯಾಮಿಲಿ ಗ್ರೂಪಿನಲ್ಲಿ ಮತ್ತೆ ಜಗಳ. ನಾನು ಬಾಯಿ ಹಾಕಲಿಲ್ಲ. ಸುಮ್ನೆ ಚನ್ನಪಟ್ಟಣದ ಬೊಂಬೆ ನೆನಪಾಯಿತು.

ಲೇತ್ ಮೇಲೆ ಆಲೆ ಮರದ ತುಂಡು ಗಿರಗಿರ ತಿರುಗುತ್ತಿರುತ್ತದೆ. ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿದರೆ ಸಾಕು, ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಆಮೇಲೆ ಒಣಗಿದ ತಾಳೆಗರಿಯಿಂದ ತೀಡಿದರೆ ಫಳಫಳ ಹೊಳಪು.

ಅಪ್ಪಟ ನಮ್ಮದು ಅಂತೀವಲ್ಲ, ಇದನ್ನು ಟಿಪ್ಪು ಕಾಲದಲ್ಲಿ ಪರ್ಷಿಯಾದ ಕುಶಲಕರ್ಮಿಗಳು ಬಂದು ಕಲಿಸಿದರು ಎನ್ನುತ್ತಾರೆ. ಮುಂದೆ ಇಲ್ಲಿನ ಕುಶಲಕರ್ಮಿ ಬವಾಸ್ ಮಿಯಾನ್ ಜಪಾನಿನ ಬೊಂಬೆ ತಂತ್ರವನ್ನೂ ಸೇರಿಸಿದರಂತೆ. ಹೊರಗಿನದು ಬಂದಿದ್ದಕ್ಕೇ ಊರಿಗೆ ಹೆಸರು ಬಂತು, ಅಲ್ವಾ?

ಹಾಗಂತ ಬಂದಿದ್ದೆಲ್ಲ ಒಳ್ಳೆಯದೇ ಅಂತ ನಾನೇನೂ ಹೇಳಲ್ಲ. ಪರ್ಷಿಯಾದ ಕೆಲಸಕ್ಕೆ ಇಲ್ಲಿ ಬೇರು ಬಿಡಲು ತಲೆಮಾರುಗಳ ಕಾಲ ಸಿಕ್ಕಿತು. ಚೀನಾದ ಪ್ಲಾಸ್ಟಿಕ್ ಆಟಿಕೆ ಕಂಟೇನರ್‌ಗಟ್ಟಲೆ ಬಂದು ಬಿದ್ದಾಗ ಯಾರಿಗೂ ಉಸಿರಾಡಲು ಬಿಡುವಿರಲಿಲ್ಲ. ಎಷ್ಟೋ ಮನೆಗಳಲ್ಲಿ ಲೇತ್ ನಿಂತಿತು. 2020ರಲ್ಲಿ ಆಟಿಕೆಗಳ ಆಮದು ಸುಂಕ ಶೇ 20ರಿಂದ ಶೇ 60ಕ್ಕೆ ಏರಿತು. ತಡವಾದರೂ ಆಗಬೇಕಾಗಿದ್ದೇ.

ತಮಾಷೆ ಅಂದರೆ, ಇದೇ ಬೊಂಬೆ ವಿದೇಶಕ್ಕೂ ಹೋಗುತ್ತದೆ. ಮಗು ಬಾಯಿಗೆ ಹಾಕಿದರೂ ಭಯವಿಲ್ಲದ ಬಣ್ಣ ಅಂತ ಅಲ್ಲಿನವರು ಕೇಳಿದಷ್ಟು ಕೊಟ್ಟು ಕೊಳ್ಳುತ್ತಾರೆ. ನಾವು ಮಾತ್ರ ಕಾರು ನಿಲ್ಲಿಸಿ ಹತ್ತು ರೂಪಾಯಿಗೆ ಚೌಕಾಸಿ ಮಾಡ್ತೀವಿ.

ಅಂದಹಾಗೆ, ಜಿಐ ಟ್ಯಾಗ್ (ಈ ಊರಿನ ಮಾಲಿಗೆ ಮಾತ್ರ ಈ ಹೆಸರು ಅನ್ನುವ ಭೌಗೋಳಿಕ ಗುರುತು) ಇದ್ದರೂ ಹೆದ್ದಾರಿ ಪಕ್ಕದ ಕೆಲವು ಅಂಗಡಿಗಳಲ್ಲಿ ಹೊರಗಿನ ಮಾಲೂ ಇದೇ ಹೆಸರಲ್ಲಿ ಮಾರಾಟವಾಗುತ್ತದೆ. ಕೊಳ್ಳುವಾಗ ಸ್ವಲ್ಪ ವಿಚಾರಿಸಿ.